ನಮ್ಮ ವಂಶಕ್ಕೆ ನಾನು ಹಾಕಿದ ನಂಬರು

ಪಟ್ಟಿ ಮಾಡುವವರಿಗೆಲ್ಲ ಒಂದು ಕಾಯಿಲೆ ಇರುತ್ತದೆ: ಪಟ್ಟಿ ಮುಗಿಯಿತು ಎಂದು ನಂಬುವುದು. ಮೂವತ್ತು ವರ್ಷ ಪತ್ರಿಕೆಯೊಂದರಲ್ಲಿ ಬೇರೆಯವರ ವರದಿ ತಿದ್ದಿದ ನನಗೂ ಅದು ಅಂಟಿತ್ತು. ಒಂದು ಹೆಸರು ಬಿಟ್ಟುಹೋದರೂ ವರದಿಗಾರನನ್ನು ಮೇಜಿನ ಮುಂದೆ ನಿಲ್ಲಿಸುತ್ತಿದ್ದೆ. ತಪ್ಪು ಯಾವ ಪುಟದಲ್ಲಿ ಬಂದಿತ್ತೋ ತಿದ್ದುಪಡಿಯೂ ಅದೇ ಪುಟದಲ್ಲಿ ಬರಬೇಕು ಎಂಬುದು ನನ್ನ ನಿಯಮ. ತಪ್ಪುಗಳೆಲ್ಲ ಬೇರೆಯವರದಾಗಿದ್ದ ಕಾಲದಲ್ಲಿ ಮಾಡಿದ ನಿಯಮವದು.

ನಂದಗುಡಿ ಹತ್ತಿರದ ನಮ್ಮೂರಿನಲ್ಲಿ ವರ್ಷಕ್ಕೊಮ್ಮೆ ಮನೆದೇವರ ಪೂಜೆ. ಮಂಗಳಾರತಿಯಾದ ಮೇಲೆ ಹೆಸರು ಕೂಗಿ ತಾಂಬೂಲ ಕೊಡುತ್ತಾರೆ; ಹಿರಿಯ ಕವಲಿಗೆ ಮೊದಲು, ಕಿರಿಯ ಕವಲಿಗೆ ಆಮೇಲೆ. ಯಾರದು ಹಿರಿಯ ಕವಲು ಎಂಬ ಜಗಳದಲ್ಲಿ ಪ್ರತಿ ವರ್ಷ ಸಾರು ಆರಿಹೋಗುತ್ತಿತ್ತು. ನಿವೃತ್ತನಾದ ನಾನು ವಂಶವೃಕ್ಷ ಬರೆದು ಎಲ್ಲರಿಗೂ ನಂಬರು ಹಾಕಿದೆ. ಅಜ್ಜ ಒಂದು. ಅವರ ಮಕ್ಕಳಲ್ಲಿ ನಮ್ಮಪ್ಪ ಒಂದು-ಒಂದು, ಚಿಕ್ಕಪ್ಪ ಒಂದು-ಎರಡು. ನಾನು ಒಂದು-ಒಂದು-ಒಂದು. ನಂಬರು ನೋಡಿದರೆ ಸಾಕು, ಅಪ್ಪ ಯಾರು, ಅಜ್ಜ ಯಾರು, ಮುಂದೆ ಯಾರು, ಹಿಂದೆ ಯಾರು, ಎಲ್ಲ ತಿಳಿಯುತ್ತದೆ. ನನ್ನ ನಂಬರಿನ ಅಂದವನ್ನು ನಾನು ಗಮನಿಸಲೇ ಇಲ್ಲ ಎಂದರೆ ಸುಳ್ಳಾಗುತ್ತದೆ.

ಪೂಜೆಗೆ ತಿಂಗಳ ಮುಂಚೆ ಅದನ್ನು ಮನೆಮಂದಿಯ ವಾಟ್ಸಾಪ್ ಗುಂಪಿಗೆ ಕಳಿಸಿದೆ. ಚಿಕ್ಕಪ್ಪನ ಮಗ ಮಂಜುನಾಥ ಪೂಜೆಯ ಮುನ್ನಾದಿನ ತನ್ನ ನಂಬರನ್ನು ಟ್ರ್ಯಾಕ್ಟರ್ ಟ್ರೈಲರ್ ಹಿಂದೆ ಬರೆಸಿಕೊಂಡ. ಪೂಜೆಯ ದಿನ ದೇವಸ್ಥಾನದ ಗೋಡೆಗೆ ಫ್ಲೆಕ್ಸ್ ಕಟ್ಟಿದೆವು. ದೇವನಹಳ್ಳಿಗೆ ಕೊಟ್ಟ ಪುಟ್ಟಮ್ಮತ್ತೆ, ಅಂದರೆ ನಮ್ಮಪ್ಪನ ಅಕ್ಕ, ವಾಟ್ಸಾಪ್ ಇಲ್ಲದವರು, ಅದರ ಮುಂದೆ ಬಂದು ನಿಂತರು.

"ಲೇ, ಇದ್ರಲ್ಲಿ ನಾನೆಲ್ಲಿದೀನಿ?"

"ಅತ್ತೆ, ಮದುವೆಯಾಗಿ ಹೋದೋರ್ನ ಹಾಕೋ ಪದ್ಧತಿ ಇಲ್ಲ."

"ಹೋದ್ರೆ ಹುಟ್ಟಿದ್ದು ಸುಳ್ಳಾಯ್ತದಾ? ನಿಮ್ಮಪ್ಪನ್ನ ಸೊಂಟದ್ಮೇಲೆ ಹೊತ್ಕೊಂಡು ತಿರುಗ್ದೋಳು ನಾನು. ನಂಗೆ ತೊಂಬತ್ತು ವರ್ಷ ಆಯ್ತು, ಪ್ರತಿ ಸಲ ಕೊನೇಲಿ ಅರಿಶ್ನ ಕುಂಕುಮ ಇಸ್ಕೊಂಡು ಹೋಗ್ತೀನಿ. ಒಂದ್ಸಲ ಆದ್ರೂ ನನ್ನ ಹೆಸ್ರು ಕೂಗೋ."

ಅತ್ತೆ ಹೇಳಿದ್ದರಲ್ಲಿ ತಿದ್ದಲು ಏನೂ ಇರಲಿಲ್ಲ. ತೊಂದರೆ ಇದ್ದದ್ದು ನಂಬರಿನಲ್ಲಿ. ಅತ್ತೆ ಒಂದು-ಒಂದಾದರೆ ಅಪ್ಪ ಕೆಳಗಿಳಿಯಬೇಕು, ಚಿಕ್ಕಪ್ಪ ಇಳಿಯಬೇಕು, ಅವರ ಮಕ್ಕಳು ಮೊಮ್ಮಕ್ಕಳೆಲ್ಲ ಬದಲಾಗಬೇಕು. ಒಬ್ಬರು ಒಳಗೆ ಬಂದರೆ ಇಡೀ ವಂಶವೇ ಎದ್ದು ಪಕ್ಕಕ್ಕೆ ಸರಿಯಬೇಕು.

"ಅಣ್ಣಾ, ಬೇಡ ಗುರು," ಎಂದ ಮಂಜುನಾಥ. "ಟ್ರೈಲರ್ ಪೇಂಟ್ ಇನ್ನೂ ಹಸಿ ಐತೆ."

"ಅತ್ತೆ, ನಿಮಗೆ ಒಂದು-ಸೊನ್ನೆ ಹಾಕ್ಲಾ?"

"ಸೊನ್ನೆ ನಿನಗಿಟ್ಕೋ."

ದಾರಿ ತೋರಿಸಿದ್ದೂ ಅತ್ತೆಯೇ. ಊಟಕ್ಕೆ ಎಲೆ ಹಾಸುತ್ತಿದ್ದವರ ಕಡೆ ಕೈ ತೋರಿಸಿದರು. "ಪಂಕ್ತೀಲಿ ನಡುನಡುವೆ ಜಾಗ ಬಿಡಲ್ವೇನಪ್ಪಾ? ತಡವಾಗಿ ಬಂದೋರಿಗೋಸ್ಕರ ಕೂತೋರ್ನೆಲ್ಲ ಎಬ್ಬಿಸ್ತಾರಾ?"

ಮಾರ್ಕರ್ ತಂದು ಫ್ಲೆಕ್ಸಿನ ಮೇಲೇ ತಿದ್ದಿದೆ. ಒಡಹುಟ್ಟಿದವರ ನಡುವೆ ಹತ್ತತ್ತರ ಅಂತರ: ಅತ್ತೆ ಒಂದು-ಹತ್ತು, ಅಪ್ಪ ಒಂದು-ಇಪ್ಪತ್ತು, ಚಿಕ್ಕಪ್ಪ ಒಂದು-ಮೂವತ್ತು. ನಾನು ಒಂದು-ಇಪ್ಪತ್ತು-ಹತ್ತು. ಇದೊಂದು ಸಲ ಎಲ್ಲರೂ ಕದಲಿದರೆ ಮತ್ತೆ ಯಾರೂ ಕದಲಬೇಕಿಲ್ಲ ಎಂದು ಮಂಜುನಾಥನನ್ನು ಒಪ್ಪಿಸಿದೆ.

ಮಂಗಳಾರತಿಯಾಯಿತು. ಮೈಕಿನಲ್ಲಿ ಮೊದಲು ಅತ್ತೆಯ ಹೆಸರು ಕೂಗಿದೆ. ಅವರು ಕೂತಲ್ಲಿಂದಲೇ, "ಇನ್ನೊಂದ್ಸಲ ಕೂಗು, ಕೇಳಿಸ್ಲಿಲ್ಲ," ಎಂದರು. ಅತ್ತೆಯ ಕಿವಿ ನನ್ನದಕ್ಕಿಂತ ಚುರುಕು. ಮತ್ತೆ ಕೂಗಿದೆ.

ಅಪ್ಪ ಈಗಿಲ್ಲ, ಆದ್ದರಿಂದ ಮುಂದಿನ ಹೆಸರು ನನ್ನದೇ. ನಾನೇ ಕೂಗಿ ತಾಂಬೂಲಕ್ಕೆ ಕೈ ಚಾಚಿದೆ. ಹೆಂಗಸರ ಸಾಲಿನಿಂದ ನೆಲಮಂಗಲಕ್ಕೆ ಕೊಟ್ಟ ಲಲಿತಕ್ಕ ಎದ್ದು ನಿಂತಳು. ಒಡಹುಟ್ಟಿದ ಅಕ್ಕ, ನನಗಿಂತ ಎರಡು ವರ್ಷ ದೊಡ್ಡವಳು.

"ಗುಂಪಲ್ಲಿ ನೋಡ್ದಾಗಿಂದ ಕಾಯ್ತಿದೀನಿ ಕಣೋ," ಎಂದಳು. "ನಿಂಗೇ ನೆನಪಾಗ್ತದಾ ಅಂತ. ಈಗ ಅತ್ತೇನ ಸೇರಿಸ್ದಾಗ್ಲೂ ಆಗ್ಲಿಲ್ವಲ್ಲೋ."

ಚಾಚಿದ ಕೈಯನ್ನು ಮಾರ್ಕರ್ ಕಡೆಗೆ ತಿರುಗಿಸಿದೆ. ಹತ್ತಕ್ಕಿಂತ ಮುಂಚೆ ಬೇಕಾದಷ್ಟು ಜಾಗವಿತ್ತು. ಅಕ್ಕ ಒಂದು-ಇಪ್ಪತ್ತು-ಐದಾದಳು. ಯಾರ ನಂಬರೂ ಕದಲಲಿಲ್ಲ; ಪದ್ಧತಿ ಚೆನ್ನಾಗಿಯೇ ಕೆಲಸ ಮಾಡಿತು. ಆಮೇಲೆ ನನ್ನ ಹಳೆಯ ನಿಯಮದಂತೆ, ತಪ್ಪು ಕೂಗಿದ ಮೈಕಿನಲ್ಲೇ ತಿದ್ದುಪಡಿಯನ್ನೂ ಓದಿದೆ.

"ಇನ್ನೊಂದ್ಸಲ ಓದಣ್ಣೋ," ಎಂದು ಮಂಜುನಾಥ ಹಿಂದಿನಿಂದ ಕೂಗಿದ. "ಕೇಳಿಸ್ಲಿಲ್ಲ."

ಓದಿದೆ.