ಕೊಳಾಲದ ಗಿಳಿಬಾಗಿಲೂ ನನ್ನ ಹೆಬ್ಬೆಟ್ಟೂ

ಕೊಳಾಲದ ದೊಡ್ಡಮನೆಯ ಬಾಗಿಲವಾಡದ ಮೇಲೆ ಹನ್ನೊಂದು ಗಿಳಿ ಕೆತ್ತಿದವನು ನಾನು. ಆಗಿನ್ನೂ ನನಗೆ ಮೀಸೆ ಮೂಡಿರಲಿಲ್ಲ. ಅವು ನಿಜವಾದ ಗಿಳಿಗಳೆಂದುಕೊಂಡು ತೋಪಿನ ಗಿಳಿಗಳು ಬಂದು ಪಕ್ಕದಲ್ಲಿ ಕೂತು ಜಗಳ ತೆಗೆಯುತ್ತಿದ್ದವು. ಓಡಿಸುವುದಕ್ಕೆಂದೇ ಆ ಮನೆಯವರು ಒಬ್ಬ ಆಳನ್ನು ಇಟ್ಟಿದ್ದರು. ಅನುಮಾನವಿದ್ದವರು ಯಾರನ್ನಾದರೂ ಕೇಳಬಹುದಿತ್ತು. ಆದರೆ ದೊಡ್ಡಮನೆಯ ಯಜಮಾನರು ಹೋದರು, ಆ ಆಳೂ ಹೋದ, ಜೊತೆಗಿದ್ದ ನನ್ನ ಅಣ್ಣನೂ ಮೂರು ವರ್ಷದ ಹಿಂದೆ ಹೋದ. ಹಾಗಾಗಿ ಈಗ ನಾನು ಹೇಳಿದ್ದೇ ಸರಿ.

ಇಂಥ ಕೈ ಇರುವವನು ಎಲ್ಲಿಗೆ ಹೋದರೂ ಏನಾದರೊಂದು ಆಗಿಯೇ ಆಗುತ್ತದೆ. ಮಧುಗಿರಿಯಲ್ಲಿ ಚಿತ್ರ ಕಲಿಸುವ ಕಾಲೇಜೊಂದರಲ್ಲಿ ಅಚ್ಚು ಒತ್ತುವ ಯಂತ್ರದ ಮೇಜು ಅಲ್ಲಾಡುತ್ತಿದೆ ಎಂದು ನನ್ನನ್ನು ಕರೆಸಿದರು. ಅರ್ಧ ದಿನದ ಕೆಲಸ. ಮಕ್ಕಳು ಹಲಗೆ ಕೊರೆದು, ಮಸಿ ಬಳಿದು, ಕಾಗದಕ್ಕೆ ಒತ್ತುತ್ತಿದ್ದರು. ನೋಡೋಣ ಅಂತ ಕೂತೆ. ಎರಡು ವರ್ಷವಾಯಿತು, ಎದ್ದಿಲ್ಲ. ನಾನು ಸ್ಕೂಲುಗಳಿಗೆ ಬಾಗಿಲು ಮಾಡಿದವನೇ ಹೊರತು ಆ ಬಾಗಿಲು ದಾಟಿ ಒಳಗೆ ಹೋದವನಲ್ಲ. ಅದೊಂದು ಆಸೆ ಉಳಿದಿತ್ತು.

ಬೆಟ್ಟ ತಿರುಗಿಕೊಂಡದ್ದು

ಅಲ್ಲಿನ ಮೇಡಂ ಒಂದು ಹಲಗೆ ಕೊಟ್ಟು, ಇಷ್ಟ ಬಂದದ್ದು ಕೆತ್ತಿ ಯಜಮಾನ್ರೇ ಅಂದರು. ಮಧುಗಿರಿ ಬೆಟ್ಟವನ್ನು ಹುಟ್ಟಿದಾಗಿನಿಂದ ನೋಡುತ್ತಿದ್ದೇನೆ. ಕಣ್ಣು ಮುಚ್ಚಿಕೊಂಡೇ ಕೆತ್ತಿದೆ ಅಂದರೂ ನಡೆಯುತ್ತದೆ. ಕೋಟೆ ಗೋಡೆ, ಇಳಿಜಾರು, ಯಾವುದನ್ನೂ ಬಿಡಲಿಲ್ಲ. ಮಸಿ ಹಚ್ಚಿ, ಒತ್ತಿ, ಕಾಗದ ಎತ್ತಿದರೆ ಬೆಟ್ಟ ಆ ಕಡೆಗೆ ತಿರುಗಿಕೊಂಡಿದೆ. ಎಡಗಡೆಯ ಇಳಿಜಾರು ಬಲಗಡೆ ಹೋಗಿದೆ. ಯಂತ್ರದ ಕಾಲು ನಾನು ಸರಿಮಾಡಿದ್ದೇನೆ, ತಲೆ ಕೆಟ್ಟಿದ್ದರೆ ನಾನೇನು ಮಾಡಲಿ ಅಂದೆ.

ಪಾವಗಡದ ಕಡೆಯ ವಳ್ಳೂರಿನ ಹುಡುಗಿಯೊಬ್ಬಳು ಪಕ್ಕದಲ್ಲೇ ಕೊರೆಯುತ್ತಿದ್ದಳು. ಊರ ಸುತ್ತ ಸೋಲಾರ್ ಹಲಗೆಗಳನ್ನು ನೋಡಿ ನೋಡಿ ಅವಳ ಚಿತ್ರದಲ್ಲಿ ಕುರಿಗಳೂ ಚೌಕವಾಗಿಯೇ ಇರುತ್ತಿದ್ದವು. ಅವಳು ತಲೆ ಎತ್ತದೆ ಹೇಳಿದಳು:

"ತಾತ, ಅಚ್ಚಲ್ಲಿ ಎಲ್ಲಾ ತಿರುಗೇ ಬರೋದು. ನೀನು ಯಾವತ್ತೂ ಕನ್ನಡಿ ನೋಡ್ಕಂಡಿಲ್ವಾ?"

"ನೋಡ್ಕಂಡಿದೀನಿ ಕಣಮ್ಮ. ಬೆಟ್ಟ ಎತ್ಕಂಡೋಗಿ ನೋಡ್ಕಂಡಿಲ್ಲ."

ಬಿಸಾಡುವುದು ಬೇಡ ಎಂದು ಮೇಡಂ ಆ ಕಾಗದವನ್ನು ರಸ್ತೆಗೆ ಮುಖಮಾಡಿ ಕಿಟಕಿ ಗಾಜಿಗೆ ಅಂಟಿಸಿದರು. ಬಸ್ಸಿಗೆ ಕಾಯುವವರು ಒಂದು ಸಲ ಕಿಟಕಿ ನೋಡುತ್ತಾರೆ, ಒಂದು ಸಲ ಹಿಂದೆ ತಿರುಗಿ ಬೆಟ್ಟ ನೋಡುತ್ತಾರೆ. ಎರಡರಲ್ಲಿ ತಪ್ಪು ಯಾವುದೆಂದು ಇನ್ನೂ ತೀರ್ಮಾನವಾಗಿಲ್ಲ.

ಅಂದಿನಿಂದ ಹೊಸದಾಗಿ ಬಂದ ಮಕ್ಕಳಿಗೆಲ್ಲ ಮೊದಲ ಪಾಠ ನನ್ನದೇ. ಅಚ್ಚಿನಲ್ಲಿ ಎಡ ಬಲವಾಗುತ್ತದೆ, ಬಲ ಎಡವಾಗುತ್ತದೆ, ಮರೆಯಬೇಡಿ ಎಂದು, ಅದನ್ನು ನಾನೇ ಕಂಡುಹಿಡಿದವನ ಹಾಗೆ ಹೇಳುತ್ತೇನೆ.

ಕಂಬಳಿ

ತಾಮ್ರದ ತಗಡಿನಿಂದ ಅಚ್ಚು ತೆಗೆಯುವಾಗ ಕಾಗದದ ಮೇಲೆ ಮೆತ್ತನೆಯ ಉಣ್ಣೆ ಬಟ್ಟೆ ಹಾಸಿ ಉರುಳೆ ಉರುಳಿಸಬೇಕು. ಪರೀಕ್ಷೆ ಹತ್ತಿರವಿದ್ದಾಗ ಆ ಬಟ್ಟೆಯನ್ನು ಇಲಿ ಕಡಿದು ಹಾಕಿತು. ನಾನಿರುವಾಗ ಏನು ಚಿಂತೆ ಎಂದು ಮನೆಗೆ ಹೋಗಿ ಕುರಿ ಕಂಬಳಿ ತಂದೆ. ಆ ಕಂಬಳಿ ಹೊದ್ದು ಮಳೆಯಲ್ಲಿ ನಿಂತರೆ ಮಳೆಯೇ ನೆನೆದು ವಾಪಸ್ಸು ಹೋಗುತ್ತಿತ್ತು, ಅಷ್ಟು ಗಟ್ಟಿ.

ಗಟ್ಟಿಯಾದದ್ದೇ ಎಡವಟ್ಟಾಯಿತು. ನೇಯ್ಗೆಯ ಒಂದೊಂದು ಎಳೆಯೂ ಎಲ್ಲರ ಕಾಗದದ ಮೇಲೆ ಒತ್ತಿಕೊಂಡಿತು. ಒಬ್ಬಳು ಬರೆದ ಮದುಮಗಳ ಕೆನ್ನೆ ಗೋಣಿಚೀಲದ ಹಾಗಾಗಿತ್ತು. ಮಕ್ಕಳು ಅಳುವುದೊಂದು ಬಾಕಿ. ಪರೀಕ್ಷೆಗೆ ಬಂದ ಮೇಷ್ಟ್ರು ಕನ್ನಡಕ ಮೇಲೆತ್ತಿ, ಬೆರಳಲ್ಲಿ ಸವರಿ, ಚಿತ್ರಕ್ಕೆ ಇಂಥ ತರಿತರಿ ಮೈ ನಾನು ದೊಡ್ಡ ಊರುಗಳಲ್ಲೂ ನೋಡಿಲ್ಲ, ಹೇಗೆ ತಂದಿರಿ ಎಂದು ಕೇಳಿದರು. ಮಕ್ಕಳು ನನ್ನ ಮುಖ ನೋಡಿದರು. ಅದು ನಮ್ಮ ಕಡೆಯ ಹಳೇ ವಿದ್ಯೆ ಸ್ವಾಮಿ, ಹೇಳಿಕೊಡುವಂಥದ್ದಲ್ಲ ಅಂದೆ.

ಎಲ್ಲರೂ ಪಾಸಾದರು. ಕಂಬಳಿ ಮಾತ್ರ ಮನೆಗೆ ಬರಲಿಲ್ಲ. ಅದೀಗ ಕಾಲೇಜಿನ ಆಸ್ತಿ, ಮುಟ್ಟಬೇಕಾದರೆ ನಾನೇ ಮೇಡಂ ಅಪ್ಪಣೆ ಕೇಳಬೇಕು.

ಹೆಬ್ಬೆಟ್ಟು

ಅಚ್ಚು ತೆಗೆದವರು ಕೆಳಗೆ ಪೆನ್ಸಿಲಿನಲ್ಲಿ ರುಜು ಹಾಕಬೇಕು. ನನಗೆ ರುಜು ಬರದು, ಹೆಬ್ಬೆಟ್ಟು ಒತ್ತುತ್ತೇನೆ. ಅಚ್ಚಿನ ಕೆಲಸಕ್ಕೆ ಅದೇ ಲಕ್ಷಣ ಅಂತ ಮೇಡಮ್ಮೇ ಹೇಳಿದ್ದಾರೆ.

ಆದರೆ ನನಗೆ ಕೈ ತೊಳೆಯುವ ಅಭ್ಯಾಸ ಕಡಿಮೆ. ಮಕ್ಕಳ ಹಸಿ ಕಾಗದಗಳನ್ನು ಹಗ್ಗಕ್ಕೆ ಒಣಹಾಕುವವನೂ ನಾನೇ. ಒಂದು ದಿನ ಎಲ್ಲವನ್ನೂ ಗೋಡೆಗೆ ತೂಗುಹಾಕಿ ನೋಡಿದರೆ, ಕಾಲೇಜಿನ ಅಷ್ಟೂ ಚಿತ್ರಕ್ಕೆ ನನ್ನದೇ ಹೆಬ್ಬೆಟ್ಟು. ನೋಡಲು ಬಂದ ಊರ ಹಿರಿಯರೊಬ್ಬರು, ಈ ವಯಸ್ಸಲ್ಲಿ ಇಷ್ಟೊಂದು ಕೆಲಸವೇ ಎಂದು ನನ್ನ ಕೈ ಹಿಡಿದುಕೊಂಡರು. ಅಲ್ಲ ಅನ್ನಬೇಕಿತ್ತು. ಏನೋ ನಿಮ್ಮ ಆಶೀರ್ವಾದ ಅಂದುಬಿಟ್ಟೆ.

ಅವರು ಹೋದ ಮೇಲೆ ವಳ್ಳೂರಿನ ಹುಡುಗಿ ಬಂದು, ತನ್ನ ಚೌಕದ ಕುರಿಗಳ ಮೇಲಿದ್ದ ನನ್ನ ಹೆಬ್ಬೆಟ್ಟನ್ನು ರಬ್ಬರಿನಿಂದ ಉಜ್ಜುತ್ತಾ, "ನಾನು ಮಾಡಿದ್ದು ನಂದು ಅಂತಾನೇ ಇರ್ಲಿ ತಾತ" ಅಂದಳು.

ಎಲ್ಲರೂ ನಕ್ಕರು, ನಾನೂ ನಕ್ಕೆ. ಮಸಿಯ ಗುರುತು, ಅಷ್ಟು ಬೇಗ ಹೋಗುವುದಿಲ್ಲ. ಅವಳು ಉಜ್ಜುತ್ತಲೇ ಇದ್ದಳು, ನನ್ನ ನಗು ಅದಕ್ಕೆ ಮುಂಚೆ ನಿಂತುಹೋಯಿತು.

ಗಿಳಿಗಳು ಬಂದವು

ಈ ವರ್ಷ ಕೊಳಾಲದ ದೊಡ್ಡಮನೆ ಕೆಡವಿದರು. ಸುದ್ದಿ ತಿಳಿದ ಮೇಡಂ, ನಾನು ಎರಡು ವರ್ಷದಿಂದ ಜಂಬ ಕೊಚ್ಚಿಕೊಳ್ಳುತ್ತಿದ್ದ ಆ ಬಾಗಿಲವಾಡದ ಮೇಲಿನ ಹಲಗೆಯನ್ನು ಕೇಳಿ ತರಿಸಿಯೇಬಿಟ್ಟರು. ತೊಳೆದು, ಬಣ್ಣ ಕೆರೆದು, ಮಸಿ ಹಚ್ಚಿ ಅಚ್ಚು ತೆಗೆಯೋಣ. ಪ್ರದರ್ಶನದಲ್ಲಿ ನಟ್ಟ ನಡುವೆ ಹಾಕೋಣ. ಕೆಳಗೆ ಕೆತ್ತಿದವರ ಹೆಸರು ದೊಡ್ಡದಾಗಿ ಬರೆಯೋಣ ಅಂದರು. ನನ್ನ ಹೆಸರು ಅಕ್ಷರದಲ್ಲಿ ಗೋಡೆ ಏರುವುದು ಅದೇ ಮೊದಲು. ಹೊಸ ಪಂಚೆ ಉಟ್ಟು ಹೋದೆ.

ಮಕ್ಕಳು ಹಲಗೆ ಕೆರೆಯುತ್ತಾ, ಒಬ್ಬನೇ ಹೇಗೆ ಮಾಡಿದೆ ತಾತ ಎಂದು ಕೇಳಿದರು. ಅಣ್ಣನೂ ಇದ್ದ ಅಂದೆ. ಅಣ್ಣ ಎಡಚ. ಬಾಗಿಲಿಗೆ ಎಡಗೈ ತಾಗಿದರೆ ಮನೆಗೆ ಒಳ್ಳೆಯದಲ್ಲ ಎಂದು ದೊಡ್ಡಮನೆಯವರು ಅವನಿಗೆ ಉಳಿ ಮುಟ್ಟಬಾರದು ಅಂದಿದ್ದರು. ಅದಕ್ಕೇ ಅವನು, ನಾವು ಹಲಗೆ ಇಟ್ಟುಕೊಂಡಿದ್ದ ಹಿಂದಿನ ಕೊಟ್ಟಿಗೆಯಲ್ಲಿ ಕೂತು, ಉಳಿಗೆ ಬಡಿಯುವ ಕೊಡತಿ ಎತ್ತಿಕೊಡುತ್ತಿದ್ದ, ಅಷ್ಟೇ. ಕೆಲಸ ಮುಗಿದಾಗ ಎಲೆಅಡಿಕೆ, ಪಂಚೆ ಎಲ್ಲ ನನ್ನ ಕೈಗೇ ಕೊಟ್ಟರು. ಆಮೇಲೆ ಎಲ್ಲಿ ಕೂತು ನಾನು ಆ ಗಿಳಿಗಳ ಕಥೆ ಹೇಳಿದರೂ ಅಣ್ಣ ಟೀ ಕುಡಿಯುತ್ತಾ ತಲೆಯಾಡಿಸುತ್ತಿದ್ದ. ಒಂದು ದಿನವೂ ಎದುರು ಮಾತಾಡಲಿಲ್ಲ.

ಮಸಿ ಬಳಿದರು. ಹಲಗೆ ಉದ್ದ, ಯಂತ್ರಕ್ಕೆ ಹಿಡಿಯಲಿಲ್ಲ. ನಾಲ್ಕು ಜನ ಸೌಟಿನ ಬೆನ್ನಿನಿಂದ ಕಾಗದ ಉಜ್ಜಿದರು. ಎತ್ತಿದಾಗ ಹನ್ನೊಂದು ಗಿಳಿ, ರೆಕ್ಕೆಯ ಒಂದೊಂದು ಗೆರೆಯೂ ಬೆಳ್ಳಗೆ ಎದ್ದು ಕಾಣುತ್ತಿತ್ತು. ಅಷ್ಟು ವರ್ಷ ಬಣ್ಣದ ಕೆಳಗೆ ಮುಚ್ಚಿಹೋಗಿದ್ದ ಗೆರೆಗಳು. ಉಳಿ ಹಿಡಿದ ಕೈ ಯಾವುದೆಂದು ಗೆರೆ ವಾಲಿದ ಕಡೆ ನೋಡಿದರೆ ತಿಳಿಯುತ್ತದೆ. ನೋಡಿದೆ. ಎಲ್ಲವೂ ಬಲಗೈ ವಾಲು. ನನ್ನ ಎದೆ ಹಗುರಾಯಿತು. ಹೇಳಿ ಹೇಳಿ ನಾನೇ ನಂಬಿದ್ದೆನೋ ಏನೋ, ಗಿಳಿಗಳೂ ನನ್ನ ಕಡೆಗೇ ಸಾಕ್ಷಿ ಹೇಳಿದವು ಅನ್ನಿಸಿತು.

"ನೋಡ್ರಮ್ಮ, ಬಲಗೈ ಕೆಲ್ಸ. ಇನ್ನೇನು ಬೇಕು?" ಅಂದೆ.

ಎಲ್ಲರೂ ಚಪ್ಪಾಳೆ ತಟ್ಟಿದರು. ವಳ್ಳೂರಿನ ಹುಡುಗಿ ಮಾತ್ರ ತಟ್ಟಲಿಲ್ಲ. ಹೆಸರು ಬರೆಯುವ ಚೀಟಿ ಅವಳ ಕೈಯಲ್ಲಿತ್ತು. ಕಾಗದ ನೋಡಿದಳು, ಹಲಗೆ ನೋಡಿದಳು, ನನ್ನ ಹತ್ತಿರ ಬಂದು ಮೆಲ್ಲಗೆ ಕೇಳಿದಳು:

"ತಾತ, ಅಚ್ಚಲ್ಲಿ ಎಡ ಬಲ ಆಯ್ತದೆ ಅಂತ ನಮಗೆಲ್ಲ ಹೇಳ್ಕೊಟ್ಟೋರು ಯಾರು?"

ಕಿಟಕಿಯಲ್ಲಿದ್ದ ನನ್ನ ಬೆಟ್ಟದ ಕಡೆ ನೋಡಿದೆ. ಅದು ರಸ್ತೆಯ ಕಡೆಗೆ ತಿರುಗಿಕೊಂಡೇ ಇತ್ತು. ಭುಜ ಕುಣಿಸಿ ಅಣ್ಣನ ಹೆಸರು ಹೇಳಿದೆ.

"ಅದ್ನೇ ಬರ್ಕೋ ಕಣಮ್ಮ. ಕೆಳಗೆ ಜಾಗ ಉಳ್ದ್ರೆ, ಕೊಡತಿ ಎತ್ಕೊಟ್ಟೋನು ತಮ್ಮ ಅಂತ ಹಾಕು."