ನಮ್ಮ ಮಾವ ಮತ್ತು ಅಧ್ಯಕ್ಷರ ಭಾರತ ಪ್ರವಾಸ

ನಮ್ಮ ಸೋದರಮಾವನಿಗೆ ಅಮೆರಿಕದ ಅಧ್ಯಕ್ಷರೆಂದರೆ ಬಹಳ ಬೇಕಾದವರು. ಆ ಅಧ್ಯಕ್ಷರಲ್ಲಿ ಒಬ್ಬರಿಗಾದರೂ ನಮ್ಮ ಮಾವ ಯಾರೆಂದು ಗೊತ್ತಿಲ್ಲ, ಅದು ಬೇರೆ ಮಾತು!

ಬೇಕಾದವರು ಎಂದರೆ ಎಲ್ಲರೂ ಅಲ್ಲ ಮತ್ತೆ. ಅಧಿಕಾರದಲ್ಲಿದ್ದಾಗ ಭಾರತಕ್ಕೆ ಹೋಗಿ ಬಂದವರು ಮಾತ್ರ. ಉಳಿದವರು ಯುದ್ಧವನ್ನೇ ಗೆದ್ದಿರಲಿ, ದೇಶದ ಉದ್ದಕ್ಕೂ ರಸ್ತೆಯನ್ನೇ ಹಾಕಿಸಿರಲಿ, "ಪಾಪ, ಅವರಿಗೆ ಆ ಯೋಗ ಇರ್ಲಿಲ್ಲ" ಎಂದು ಒಂದೇ ಮಾತಿನಲ್ಲಿ ಮುಗಿಸಿಬಿಡುತ್ತಾರೆ. ಹೋಗಿ ಬಂದವರ ವಿಷಯ ಮಾತ್ರ ಮುಗಿಯುವುದೇ ಇಲ್ಲ. ಯಾರು ಯಾವ ವರ್ಷ ಹೋದರು, ಎಷ್ಟು ದಿನ ಇದ್ದರು, ಯಾವ ಊರು ನೋಡಿದರು, ವಿಮಾನದ ಮೆಟ್ಟಿಲು ಇಳಿಯುವಾಗ ಕೈ ಬೀಸಿದರೋ ಇಲ್ಲವೋ, ಎಲ್ಲವೂ ಬಾಯಿಪಾಠ.

ಮಾವ ಡೆಟ್ರಾಯಿಟ್ ಪಕ್ಕದ ವಾರೆನ್‌ನಲ್ಲಿ ಒಂದು ಕಾರು ಕಂಪನಿಯ ತಾಂತ್ರಿಕ ಕೇಂದ್ರದಲ್ಲಿ ಮೂವತ್ತೊಂದು ವರ್ಷ ದುಡಿದು ನಿವೃತ್ತರಾದ ಎಂಜಿನಿಯರ್. ಕೆಲಸ ಏನಪ್ಪಾ ಎಂದರೆ, ಕಾರಿನ ಬಾಗಿಲು ಹಾಕಿದಾಗ ಬರುವ ಶಬ್ದ ಕೇಳುವುದು. 'ಟಪ್' ಎಂದರೆ ಬೇಡ, 'ಧಪ್' ಎಂದರೆ ಬೇಕು. ನಗಬೇಡಿ, ಇದು ನಿಜವಾದ ಕೆಲಸ! ದಿನವಿಡೀ ಬಾಗಿಲುಗಳ ಮಾತು ಕೇಳಿ ಮನೆಗೆ ಬಂದವರಿಗೆ ತಾವೂ ಸ್ವಲ್ಪ ಮಾತಾಡಬೇಕು ಎನ್ನಿಸುವುದು ಸಹಜ ತಾನೆ? ಹಾಗೆ ಶುರುವಾದದ್ದು, ನಿವೃತ್ತಿಯಾದ ಮೇಲೂ ನಿಂತಿಲ್ಲ.

ಇನ್ನೊಂದು ವಿಶೇಷ, ಮಾವ ಅಧ್ಯಕ್ಷರ ಹೆಸರು ಹೇಳುವುದಿಲ್ಲ. "ಮನೆ ಹಿರಿಯರನ್ನ ಹೆಸರು ಹಿಡಿದು ಕರೀತೀವೇನೇ ಮಗು?" ಎನ್ನುತ್ತಾರೆ. ಮೊದಲ ಸಲ ಹೋದವರು ಹಿಂದೆ ಸೇನಾಪತಿಯಾಗಿದ್ದರಂತೆ, ಆದ್ದರಿಂದ ಅವರು 'ದಂಡನಾಯಕರು'. ಅವರ ತೆರೆದ ಕಾರಿನ ತುಂಬ ದೆಹಲಿಯ ಜನ ಹೂವು ಎರಚಿದ್ದನ್ನು ಮಾವ ಹೇಳುವಾಗ ಸ್ವಂತ ಮದುವೆಯ ಮೆರವಣಿಗೆ ನೆನೆಸಿಕೊಂಡಂತೆ ಕಾಣುತ್ತಾರೆ. ಎರಡನೆಯವರು ಒಂದು ದಿನವನ್ನೂ ಪೂರ್ತಿ ಕಳೆಯದೆ ಹೊರಟರು, ಅವರು 'ಅವಸರದವರು'. ಮೂರನೆಯವರು ಊರಿನಲ್ಲಿ ಕಡಲೆಕಾಯಿ ಬೆಳೆಯುತ್ತಿದ್ದ ರೈತರು, ಹಾಗಾಗಿ 'ಕಡಲೆಕಾಯಿಯವರು'. ಇವರು ದೆಹಲಿ ಹತ್ತಿರದ ಒಂದು ಹಳ್ಳಿಗೆ ಹೋಗಿ ಬಂದದ್ದಕ್ಕೆ ಆ ಹಳ್ಳಿಯವರು ಊರಿನ ಹೆಸರನ್ನೇ ಬದಲಾಯಿಸಿ ಇವರ ಹೆಸರಿಟ್ಟುಕೊಂಡರು. ಆಮೇಲೆ ಇಪ್ಪತ್ತೆರಡು ವರ್ಷ ಯಾರೂ ಆ ಕಡೆ ತಲೆ ಹಾಕಲಿಲ್ಲ. ಆ ಇಪ್ಪತ್ತೆರಡು ವರ್ಷಗಳ ಬಗ್ಗೆ ಮಾವ ಮಾತಾಡುವಾಗ, ಮದುವೆಗೆ ಬಾರದೆ ಉಳಿದ ಬೀಗರ ಬಗ್ಗೆ ಮಾತಾಡಿದ ಹಾಗಿರುತ್ತದೆ.

ಅತ್ತೆಗೆ, ಎಂದರೆ ಮಾವನ ಹೆಂಡತಿಗೆ, ಇದೆಲ್ಲ ಕೇಳಿ ಕೇಳಿ ಸಾಕಾಗಿದೆ. "ನಮ್ಮ ಮದುವೆ ಯಾವ ವರ್ಷ ಆಯ್ತು ಅಂತ ಕೇಳು ಮಗು. ಯಾವ ಅಧ್ಯಕ್ಷರೂ ಬರದೇ ಇದ್ದ ವರ್ಷ ಅಂತಾರೆ!" ಎನ್ನುತ್ತಾರೆ.

ನಾನಿರುವುದು ಶಿಕಾಗೋ ಪಕ್ಕದ ಡೌನರ್ಸ್ ಗ್ರೋವ್‌ನಲ್ಲಿ. ಮೂರು ತಿಂಗಳಿಗೊಮ್ಮೆ ಇಬ್ಬರೂ ಐದು ಗಂಟೆ ಡ್ರೈವ್ ಮಾಡಿಕೊಂಡು ನಮ್ಮ ಮನೆಗೆ ಬರುತ್ತಾರೆ. ಬಂದ ಮರುದಿನ, ನಮ್ಮ ಕಡೆಯ ಅಂಗಡಿಗಳೇ ಸಾಲಾಗಿರುವ ಡೆವನ್ ಅವೆನ್ಯೂಗೆ ಹೋಗಲೇಬೇಕು. ಒಮ್ಮೆ ಹೀಗೇ ಹೋಗಿದ್ದಾಗ, ಪಾರ್ಕಿಂಗ್ ಸಿಗದೆ ಮೂರು ಸುತ್ತು ಹೊಡೆದು, ಕೊನೆಗೆ ಅತ್ತೆಯನ್ನು ಕಾರಿನಲ್ಲಿ ಕೂರಿಸಿ, ಐದೇ ನಿಮಿಷ ಎಂದು ಹೇಳಿ ನಾನು, ಮಾವ ಒಂದು ಅಂಗಡಿಗೆ ಹೊಕ್ಕೆವು. ಗಲ್ಲಾದ ಹಿಂದೆ ಕರಾಚಿ ಕಡೆಯ ಹಿರಿಯರೊಬ್ಬರು ಕೂತಿದ್ದರು. ನಾನು ಮಾಡಿದ ತಪ್ಪು ಒಂದೇ, ಬುಟ್ಟಿಗೆ ಎರಡು ಪೌಂಡ್ ಕಡಲೆಕಾಯಿ ಹಾಕಿದೆ!

ಮಾವ ಶುರು ಮಾಡಿದರು. ಮಾವನ ಹಿಂದಿ ಮೈಸೂರಿನಿಂದ ಹೊರಟು ಇನ್ನೂ ಹುಬ್ಬಳ್ಳಿ ತಲುಪಿಲ್ಲ. ಆದರೂ ಅಂಗಡಿಯವರಿಗೆ ಅರ್ಥವಾಯಿತು.

"ಜನಾಬ್, ನಿಮ್ಮ ದಂಡನಾಯಕರು ಮೊದಲು ಬಂದಿದ್ದು ನಮ್ಮ ಕರಾಚಿಗೆ. ಆಮೇಲೆ ನಿಮ್ಮ ದೆಹಲಿಗೆ" ಎಂದರು ಅವರು, ಗಡ್ಡ ನೀವಿಕೊಳ್ಳುತ್ತಾ.

ಮಾವನಿಗೆ ಅಂತಹ ಸಂತೋಷ ನಾನು ನೋಡಿಯೇ ಇಲ್ಲ. ಜೀವಮಾನದಲ್ಲಿ ಮೊದಲ ಸಲ ಒಬ್ಬರು ಎದುರು ಮಾತಾಡಿದ್ದರು! "ಮೊದಲು ಬಂದಿದ್ದು ನಿಜ. ಆದರೆ ಎಷ್ಟು ದಿನ ಇದ್ದರು ಹೇಳಿ? ನಾಲ್ಕನೆಯವರನ್ನೇ ನೋಡಿ, ಎರಡು ಸಾವಿರದ ಇಸವಿಯಲ್ಲಿ ನಮ್ಮಲ್ಲಿ ಐದು ದಿನ ಇದ್ದು ರಾಜಸ್ಥಾನದಲ್ಲಿ ಕುಣಿದರು. ನಿಮ್ಮಲ್ಲಿ ಬರೀ ಕೆಲವು ಗಂಟೆ!"

"ಕುಣಿದು ದಣಿದಿದ್ದರು, ಪಾಪ" ಎಂದರು ಅಂಗಡಿಯವರು.

ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಹಿಂದೆ ಏಳು ಜನರ ಸಾಲು. ನಾವು ಹೊರಗೆ ಬಂದಾಗ ಮುಕ್ಕಾಲು ಗಂಟೆಯಾಗಿತ್ತು. ಮಾವನ ಕೈಯಲ್ಲಿ ಅಂಗಡಿಯವರು ಪ್ರೀತಿಯಿಂದ ಕೊಟ್ಟ ಒಂದು ಕಟ್ಟು ಕೊತ್ತಂಬರಿ. ಕಡಲೆಕಾಯಿ ಅಲ್ಲೇ ಗಲ್ಲಾದ ಮೇಲೆ ಉಳಿದಿತ್ತು. ಅತ್ತೆ ಕಿಟಕಿ ಇಳಿಸಿ, "ಏನು, ಶಾಂತಿ ಒಪ್ಪಂದ ಆಯ್ತಾ?" ಎಂದು ಕೇಳಿದರು.

ಮಾವನಿಗೆ ಒಂದೇ ಕೊರಗು. ಇಷ್ಟು ಜನ ಹೋದರೂ ಒಬ್ಬರಾದರೂ ಮಾವನ ಊರಾದ ಮೈಸೂರಿಗೆ ಹೋಗಲಿಲ್ಲ. ಆಗ್ರಾ ನೋಡಿದರು, ಮುಂಬೈ ನೋಡಿದರು, ಹೈದರಾಬಾದ್ ನೋಡಿದರು. "ಅರಮನೆ ದೀಪ ನೋಡ್ದೆ ಹೋದ್ರಲ್ಲೇ! ಕರೆಯೋರು ಯಾರೂ ಇಲ್ಲ, ಅದಕ್ಕೇ" ಎಂದು ತಾವೇ ಕೂತು ಅಧ್ಯಕ್ಷರಿಗೆ ನಾಲ್ಕು ಪುಟದ ಆಹ್ವಾನ ಪತ್ರ ಬರೆದರು. ಬೆಳಿಗ್ಗೆ ಚಾಮುಂಡಿ ಬೆಟ್ಟ, ಆಮೇಲೆ ಬೆಣ್ಣೆ ದೋಸೆ, ಮಧ್ಯಾಹ್ನ ಸ್ವಲ್ಪ ಮಲಗುವುದು, ಸಂಜೆ ಅರಮನೆ. ಮಧ್ಯಾಹ್ನ ಮಲಗುವುದನ್ನು ಯಾಕೆ ಬರೆದಿರಿ ಎಂದರೆ, "ದೋಸೆ ತಿಂದ ಮೇಲೆ ಅಧ್ಯಕ್ಷರಾದರೇನು, ನಿದ್ದೆ ಬರಲ್ವೇ?" ಎಂದರು.

ಕೆಲವು ವಾರಗಳ ಮೇಲೆ ಉತ್ತರ ಬಂತು. ಪತ್ರ ಬರೆದದ್ದಕ್ಕೆ ಧನ್ಯವಾದ ಎಂಬ ಎರಡು ಸಾಲಿನ ಅಚ್ಚಾದ ಕಾಗದ. ಮಾವ ಅದಕ್ಕೆ ಕಟ್ಟು ಹಾಕಿಸಿ ದೇವರ ಮನೆಯ ಪಕ್ಕದ ಗೋಡೆಗೆ ತಗುಲಿಸಿದರು. "ಬರಲ್ಲ ಅಂತ ಎಲ್ಲಾದರೂ ಬರೆದಿದಾರೇನೇ?" ಎಂದು ನನ್ನನ್ನೇ ಕೇಳಿದರು. ಬರೆದಿರಲಿಲ್ಲ, ಒಪ್ಪಬೇಕಾದ ಮಾತು!

ಇಷ್ಟೆಲ್ಲ ಇದ್ದ ಮಾವನ ಬಗ್ಗೆ ನಮಗೆ ಯಾರಿಗೂ ಹೊಳೆಯದೆ ಇದ್ದ ಒಂದು ವಿಷಯ ಕಳೆದ ಯುಗಾದಿ ಕಾರ್ಯಕ್ರಮದಲ್ಲಿ ಹೊರಬಿತ್ತು. ನಮ್ಮೂರಿನ ಶಾಲೆಯೊಂದರ ಸಭಾಂಗಣದಲ್ಲಿ ಕನ್ನಡದವರೆಲ್ಲ ಸೇರಿದ್ದೆವು. ಮಕ್ಕಳ ನೃತ್ಯಕ್ಕೂ ಊಟಕ್ಕೂ ನಡುವೆ ಹತ್ತು ನಿಮಿಷ ಖಾಲಿ ಇತ್ತು, ಯಾರೋ ಪುಣ್ಯಾತ್ಮರು ಮಾವನಿಗೆ ಮೈಕ್ ಕೊಟ್ಟರು. ಇಪ್ಪತ್ತೈದು ನಿಮಿಷವಾದರೂ ಮಾವ 'ಅವಸರದವರ' ಹತ್ತಿರವೇ ಇದ್ದರು. ಹಿಂದಿನಿಂದ ಬಿಸಿಬೇಳೆಬಾತಿನ ವಾಸನೆ ಬಂದು ಜನ ಒಬ್ಬೊಬ್ಬರಾಗಿ ಕುರ್ಚಿಯ ತುದಿಗೆ ಸರಿದಿದ್ದರು. ಕಾರ್ಯದರ್ಶಿಗಳು ಎದ್ದು ನಿಂತು, "ಪ್ರಶ್ನೆ ಇದ್ರೆ ಕೇಳಬಹುದು" ಎಂದು ಉಪಾಯವಾಗಿ ಮೈಕ್ ಕಿತ್ತುಕೊಂಡರು.

ಹೈಸ್ಕೂಲಿನ ಹುಡುಗಿಯೊಬ್ಬಳು ಕೈ ಎತ್ತಿದಳು. ಇಲ್ಲೇ ಹುಟ್ಟಿದವಳು, ಜರಿ ಲಂಗ ಉಟ್ಟಿದ್ದಳು. "ಅಂಕಲ್, ದಿಸ್ ಈಸ್ ಸೋ ಕೂಲ್. ಹೂ ವಾಸ್ ದ ಫಸ್ಟ್ ಪ್ರೆಸಿಡೆಂಟ್ ಯು ವೋಟೆಡ್ ಫಾರ್?"

ಮಾವ ಬಾಯಿ ತೆರೆದರು. ಮುಚ್ಚಿದರು. ನಾನು ಅವರನ್ನು ನೋಡುತ್ತಿದ್ದೇನೆ, ಇದೇನಿದು, ಮಾವನಿಗೆ ಉತ್ತರ ಗೊತ್ತಿಲ್ಲದ ಪ್ರಶ್ನೆಯೇ!

ಮೂರನೇ ಸಾಲಿನಿಂದ ಅತ್ತೆ ಗಟ್ಟಿಯಾಗಿ ಹೇಳಿದರು: "ಅವರಿಗೆ ಓಟಿಲ್ಲಮ್ಮ! ಸಿಟಿಜನ್ ಆಗಿರೋದು ನಾನೊಬ್ಬಳೇ. ನಮ್ಮನೇಲಿ ಓಟು ನಂದು, ಭಾಷಣ ಇವರದು!"

ಸಭೆಗೆ ಸಭೆಯೇ ನಕ್ಕಿತು. ನಾನೂ ನಕ್ಕೆ. ಮಾವ ನಗಲಿಲ್ಲ. ಮೂವತ್ತು ವರ್ಷದಿಂದ ಗ್ರೀನ್ ಕಾರ್ಡಿನಲ್ಲೇ ಇದ್ದಾರೆ ಎಂದು ನನಗೂ ಗೊತ್ತಿರಲಿಲ್ಲ. ಊಟದಲ್ಲಿ ಎರಡನೇ ಸಲ ಹೋಳಿಗೆ ಹಾಕಿಸಿಕೊಳ್ಳಲಿಲ್ಲ. ಮಾರನೆಯ ದಿನ ಬೆಳಿಗ್ಗೆ ಕಾಫಿ ಲೋಟ ಹಿಡಿದು ನನ್ನ ಅಡುಗೆಮನೆಗೆ ಬಂದು, "ಮಗು, ಆ ಸಿಟಿಜನ್‌ಶಿಪ್ ಫಾರಂ ಆನ್‌ಲೈನ್‌ನಲ್ಲೇ ಅಪ್ಲೈ ಮಾಡಬಹುದಾ?" ಎಂದರು. ಮೆಲ್ಲಗೆ, ಅತ್ತೆಗೆ ಕೇಳದ ಹಾಗೆ.

ಫಾರಂ ತುಂಬಲು ಕೂತೆವು. ಎಲ್ಲ ಸಲೀಸಾಗಿ ಹೋಗುತ್ತಿತ್ತು. ಒಂದು ಪ್ರಶ್ನೆ ಬಂತು. ಕಳೆದ ಐದು ವರ್ಷಗಳಲ್ಲಿ ನೀವು ಯಾವಾಗ ಯಾವಾಗ ದೇಶದ ಹೊರಗೆ ಹೋಗಿದ್ದಿರಿ? ಹೊರಟ ದಿನ, ಹಿಂದಿರುಗಿದ ದಿನ ಬರೆಯಿರಿ.

"ಮಾವ, ನೀವು ಊರಿಗೆ ಹೋಗಿದ್ದು ಯಾವಾಗ?"

"ಹೋಗಿದ್ದೆ" ಎಂದರು.

"ತಾರೀಕು?"

ಮಾವ ಸೂರು ನೋಡಿದರು. ದಂಡನಾಯಕರ ವಿಮಾನ ಇಳಿದ ದಿನ ಬಲ್ಲವರಿಗೆ ತಮ್ಮ ವಿಮಾನ ಇಳಿದ ದಿನ ಗೊತ್ತಿಲ್ಲ! ಕೊನೆಗೆ ಗುಟ್ಟು ಬಿಟ್ಟುಕೊಟ್ಟು ಅತ್ತೆಯನ್ನೇ ಕರೆಯಬೇಕಾಯಿತು. ಅತ್ತೆ ಹಸಿಮೆಣಸಿನಕಾಯಿ ಹೆಚ್ಚುತ್ತಲೇ, ತಲೆ ಎತ್ತದೆ, ಮೂರು ಪ್ರವಾಸಗಳ ಆರು ತಾರೀಕುಗಳನ್ನೂ ಹೇಳಿದರು. ಯಾಕೆ, ಏನು ಎಂದು ಕೇಳಲಿಲ್ಲ. "ಕೊನೇ ಸಲ ಬರುವಾಗ ಇವರ ಸೂಟ್‌ಕೇಸ್ ಎರಡು ದಿನ ತಡವಾಗಿ ಬಂತು, ಅದನ್ನೂ ಬರೀಬೇಕಾ?" ಎಂದರು.

ಇಂಟರ್ವ್ಯೂ ಡೆಟ್ರಾಯಿಟ್‌ನಲ್ಲಿ ನಡೆಯಿತು. ಅದರ ವರದಿ ಮಾವನೇ ಫೋನಿನಲ್ಲಿ ಒಪ್ಪಿಸಿದರು. ಅಧಿಕಾರಿ ಒಬ್ಬ ಸೌಮ್ಯವಾದ ಹೆಂಗಸಂತೆ. ದೇಶದ ಸೇನೆಗೆ ಮುಖ್ಯಸ್ಥರು ಯಾರು ಎಂದು ಕೇಳಿದರಂತೆ.

"ಅಧ್ಯಕ್ಷರು ಅಂದೆ. ಅಷ್ಟಕ್ಕೇ ಬಿಡೋಕಾಗತ್ತಾ ಮಗು? ಸೇನೆಯಿಂದಲೇ ಬಂದು ಅಧ್ಯಕ್ಷರಾದೋರೂ ಉಂಟು, ಅವರು ಭಾರತಕ್ಕೆ ಹೋದಾಗ ಅಂತ ಶುರು ಮಾಡಿದೆ. ಆಯಮ್ಮ, ಸರ್, ಉತ್ತರ ಸರಿ ಇದೆ, ಸಾಕು ಅಂದ್ರು. ಇನ್ನೂ ಏಳು ಜನ ಇದಾರೆ ಮೇಡಂ ಅಂದೆ!"

"ಅಯ್ಯೋ! ಆಮೇಲೆ?"

"ಪಾಸ್ ಅಂದ್ಬಿಟ್ರು."

ಹಿಂದಿನಿಂದ ಅತ್ತೆಯ ದನಿ: "ಮಿಕ್ಕ ಏಳು ಜನರಿಂದ ತಪ್ಪಿಸ್ಕೊಳ್ಳೋಕೆ ಪಾಸ್ ಮಾಡಿರ್ತಾರೆ!"

ಪ್ರಮಾಣವಚನದ ದಿನ ನಾನೂ ರಜೆ ಹಾಕಿ ಡೆಟ್ರಾಯಿಟ್‌ಗೆ ಹೋದೆ. ದೊಡ್ಡ ಸಭಾಂಗಣ, ಎಲ್ಲೆಲ್ಲಿಂದಲೋ ಬಂದ ಜನ, ಎಲ್ಲರ ಕೈಯಲ್ಲೂ ಒಂದೊಂದು ಪುಟ್ಟ ಬಾವುಟ. ಮಾವ ಮದುವೆಗೆ ಹೊಲಿಸಿದ್ದ ಕೋಟಿನಲ್ಲಿ ಹೇಗೋ ತೂರಿಕೊಂಡಿದ್ದರು. ಉಸಿರು ಬಿಟ್ಟರೆ ಗುಂಡಿ ಹಾರುವಂತಿತ್ತು. ಪಕ್ಕದ ಕುರ್ಚಿಯ ಯೆಮೆನ್ ದೇಶದ ಅಜ್ಜನಿಗೆ ಆಗಲೇ ಕಡಲೆಕಾಯಿಯವರ ಕಥೆ ಅರ್ಧ ಹೇಳಿ ಮುಗಿಸಿದ್ದರು. ಅಜ್ಜನಿಗೆ ಇಂಗ್ಲಿಷ್ ಬಾರದು, ಆದರೂ ತಲೆ ಆಡಿಸುತ್ತಿದ್ದ. ಕೈ ಎತ್ತಿ ಪ್ರಮಾಣ ಮಾಡುವಾಗ ಎಲ್ಲರಿಗಿಂತ ಗಟ್ಟಿಯಾಗಿ ಕೇಳಿದ್ದು ಮಾವನ ದನಿಯೇ. ಹೊರಗೆ ಮೆಟ್ಟಿಲ ಮೇಲೆ ಫೋಟೋ ತೆಗೆಸಿಕೊಳ್ಳುವಾಗ, "ಒಂದು ನಿಮಿಷ" ಎಂದು ನಾಲ್ಕು ಮೆಟ್ಟಿಲು ಮತ್ತೆ ಹತ್ತಿ, ಕೈ ಬೀಸುತ್ತಾ ಇಳಿದರು!

ನಾನು ಕಾರು ಓಡಿಸುತ್ತಿದ್ದೆ, ಪಕ್ಕದಲ್ಲಿ ಅತ್ತೆ, ಹಿಂದೆ ಮಾವ. ಫ್ರೀವೇ ಹತ್ತಿದ ಮೇಲೆ ಹಿಂದಿನಿಂದ ಸದ್ದೇ ಇಲ್ಲ. ನಿದ್ದೆ ಬಂತೇನೋ ಎಂದು ಕನ್ನಡಿಯಲ್ಲಿ ನೋಡಿದೆ. ಮಾವ ಕೋಟಿನ ಒಳಜೇಬಿನಿಂದ ತಮ್ಮ ಭಾರತದ ಪಾಸ್‌ಪೋರ್ಟ್ ತೆಗೆದು ತೊಡೆಯ ಮೇಲಿಟ್ಟುಕೊಂಡಿದ್ದರು. ಒಂದೊಂದೇ ಹಾಳೆ ತಿರುವುತ್ತಿದ್ದರು.

"ಇದನ್ನ ಇನ್ನು ವಾಪಸ್ ಕೊಟ್ಬಿಡಬೇಕು, ಅಲ್ವಾ ಮಗು?"

"ಹೌದು ಮಾವ. ಆಮೇಲೆ ಇಂಡಿಯಾದವರೇ ಬೇರೆ ಕಾರ್ಡ್ ಕೊಡ್ತಾರೆ. ಯಾವಾಗ ಬೇಕಾದ್ರೂ ಹೋಗಿ ಬರಬಹುದು."

"ಹೋಗಿ ಬರಬಹುದು" ಎಂದರು. ಕೋಟಿನ ತೋಳಿನಿಂದ ಕಣ್ಣೊರೆಸಿಕೊಂಡು, ಬೇರೆ ಯಾರದೋ ದನಿಯಲ್ಲಿ ಕೇಳಿದರು: "ಇನ್ಮೇಲೆ ನಾನು ಮೈಸೂರಿಗೆ ಹೋದ್ರೆ, ಅದು ಭೇಟಿ ಅಂತ ಆಗತ್ತೇನೇ?"

ನಾನು ಮುಂದಿನ ಲಾರಿಯ ಮೇಲೆ ಕಣ್ಣಿಟ್ಟು ಓಡಿಸಿದೆ. ಅತ್ತೆ ಏನಾದರೂ ಚಟಾಕಿ ಹಾರಿಸಲಿ ಎಂದು ಕಾದೆ. ಅತ್ತೆ ಹಾರಿಸಲಿಲ್ಲ. ಹಿಂದಕ್ಕೆ ತಿರುಗದೆ, ಕಿಟಕಿಯ ಆಚೆ ನೋಡುತ್ತಲೇ ಹೇಳಿದರು:

"ನಾನೂ ಆವತ್ತು ಹಿಂಗೇ ಅತ್ತಿದ್ದೆ. ಪಾರ್ಕಿಂಗ್ ಲಾಟ್‌ನಲ್ಲಿ ಕಾರಲ್ಲಿ ಒಬ್ಬಳೇ ಕೂತು. ಆಮೇಲೆ ಮನೆಗೆ ಬಂದು ಸಾರಿಗಿಟ್ಟೆ."

"ನೀನಾ? ಯಾವಾಗ?" ಎಂದರು ಮಾವ.

"ನನ್ನ ಪ್ರಮಾಣದ ದಿನ. ನೀವು ಆಫೀಸಿಗೆ ಹೋಗಿದ್ರಿ."

"ನಂಗೆ ಯಾಕೆ ಹೇಳ್ಲಿಲ್ಲ?"

"ಎಲ್ಲಿ ಹೇಳ್ಲಿ? ಆ ತಿಂಗಳೆಲ್ಲಾ ಅಧ್ಯಕ್ಷರು ಹೈದರಾಬಾದಲ್ಲಿ ಎಮ್ಮೆ ನೋಡಿದ್ರು ಅಂತ ಎಮ್ಮೆ ಕಥೆ ಹೇಳ್ತಿದ್ರಿ ನೀವು. ಅದರ ಮಧ್ಯೆ ನಂದೇನು?"

ಸೀಟ್ ಬೆಲ್ಟನ್ನು ಎಳೆದುಕೊಂಡು ಮಾವ ಮುಂದಕ್ಕೆ ಬಾಗಿದರು. ಕೋಟಿನ ಒಂದು ಗುಂಡಿ ಕಿತ್ತು ಎಲ್ಲೋ ಬಿತ್ತು. ಎರಡು ಸೀಟುಗಳ ನಡುವೆ ಕೈ ತೂರಿಸಿ ಅತ್ತೆಯ ಕೈ ಹಿಡಿದುಕೊಂಡರು.

"ಯಾವ ತಾರೀಕು ಅದು?"

"ಮಾರ್ಚ್ ಇಪ್ಪತ್ತೆರಡು. ಬುಧವಾರ. ಹಿಮ ಬೀಳ್ತಿತ್ತು."

"ಮಾರ್ಚ್ ಇಪ್ಪತ್ತೆರಡು" ಎಂದರು ಮಾವ. "ಬುಧವಾರ. ಹಿಮ ಬೀಳ್ತಿತ್ತು." ಸ್ವಲ್ಪ ದೂರ ಹೋದ ಮೇಲೆ, ಶಾಲೆಯ ಹುಡುಗ ಪಾಠ ಒಪ್ಪಿಸುವ ಮುಂಚೆ ಹೇಳಿಕೊಳ್ಳುವ ಹಾಗೆ, ತುಟಿಯಲ್ಲೇ ಇನ್ನೊಂದು ಸಲ ಹೇಳಿಕೊಂಡರು.