ಮೋಡ ನೋಡುವ ಗೋಲ್‌ಕೀಪರ್

ಹಳೆಯದನ್ನು ಹೊಸದು ಮಾಡುತ್ತೇವೆಂದು ಯಾರಾದರೂ ಹೊರಟರೆ, ಅವರ ಕೈಯಲ್ಲಿ ಪೇಂಟಿನ ಡಬ್ಬವಿದೆಯೇ ಎಂದು ನಾನು ಮೊದಲು ನೋಡುತ್ತೇನೆ. ಇದಕ್ಕೆ ಸ್ವಂತ ಅನುಭವವೇ ಕಾರಣ. ನಮ್ಮ ಹಿತ್ತಿಲ ಬಾಗಿಲಿಗೆ ಗೆದ್ದಲು ಹಿಡಿದಾಗ ಅದರ ಮೇಲೆ ಮೂರು ಸಲ ಹಸಿರು ಬಣ್ಣ ಬಳಿದು, ‘ರಿಪೇರಿ ಆಯಿತು’ ಎಂದು ಹೆಂಡತಿ ಲೀಲಾಳನ್ನು ನಂಬಿಸಲು ಹೋದವನು ನಾನು. ಹಾಗಾಗಿ ಚೆಟ್ಟಳ್ಳಿ ಕಡೆಯ ನಮ್ಮ ಯೂತ್ ಕ್ಲಬ್ಬಿನ ಏಳು ಜನರ ಫುಟ್‌ಬಾಲ್ ತಂಡವನ್ನು ಹೊಸ ಅಧ್ಯಕ್ಷರು ಬುಡದಿಂದ ಕಟ್ಟುತ್ತಾರಂತೆ ಎಂಬ ಸುದ್ದಿ ಬಂದಾಗ ನನಗೆ ನಗು ಬಂತು. ನಾನು ಆ ತಂಡದ ಗೋಲ್‌ಕೀಪರ್. ವಯಸ್ಸು ನಲವತ್ತಾರು. ಕ್ಲಬ್ಬಿನ ಹೆಸರಿನಲ್ಲಿರುವ ‘ಯೂತ್’ ಎಂಬ ಮಾತಿನ ಬಗ್ಗೆ ಇದುವರೆಗೆ ಯಾರೂ ನನ್ನೆದುರು ಚರ್ಚೆ ತೆಗೆದಿಲ್ಲ.

ಹಿಂದಿನ ಅಧ್ಯಕ್ಷರು ದೊಡ್ಡ ತೋಟದ ಸಾಹುಕಾರರು. ಅವರ ಕಾಲದಲ್ಲಿ ನಾವು ಪ್ರತಿ ವರ್ಷ ಆಡಿದ ಪಂದ್ಯವನ್ನೆಲ್ಲ ಸೋಲುತ್ತಿದ್ದೆವು. ಸೋತ ಮೇಲೆ ಅವರ ಮನೆಯಲ್ಲಿ ಅಕ್ಕಿರೊಟ್ಟಿ, ಕೋಳಿಸಾರು. ಗೆದ್ದರೆ ಏನು ಬಡಿಸುತ್ತಾರೆಂದು ತಿಳಿಯುವ ಸಂದರ್ಭ ಬರಲಿಲ್ಲ. ಪಂದ್ಯಗಳು ನಡೆಯುವುದು ಕಾಫಿ ಕೊಯ್ಲಿನ ಕೊನೆಯಲ್ಲಿ. ಆಗ ಆಡುವವರಲ್ಲಿ ಹೆಚ್ಚಿನವರ ಮನೆಯ ಕಣದಲ್ಲಿ ಕಾಫಿ ಒಣಗುತ್ತಿರುತ್ತದೆ. ಗಿಡ ಹೂ ಬಿಡಲು ಮಳೆ ಬೇಕು, ಆದರೆ ಅದೇ ಮಳೆ ಕಣಕ್ಕೆ ಬಿದ್ದರೆ ಒಣಗಿದ ಕಾಫಿ ಕೆಟ್ಟುಹೋಗುತ್ತದೆ. ಇದಕ್ಕಾಗಿ ನಮ್ಮಲ್ಲಿ ಒಂದು ಪದ್ಧತಿಯಿತ್ತು. ತಂಡದಲ್ಲಿ ಎಲ್ಲರಿಗಿಂತ ಕಡಿಮೆ ಓಡುವವನು ಗೋಲ್‌ಕೀಪರ್, ಆದ್ದರಿಂದ ಮೋಡ ನೋಡುವ ಕೆಲಸ ಅವನದು. ಬೆಟ್ಟದ ತಲೆಯಲ್ಲಿ ಕಪ್ಪು ಕಂಡರೆ ನಾನು ಕೈ ಎತ್ತಬೇಕು. ರೆಫರಿ ಸೀಟಿ ಊದುತ್ತಾರೆ. ಎರಡೂ ತಂಡದವರು ಕಾಫಿ ರಾಶಿ ಮಾಡಿ ಟಾರ್ಪಾಲು ಹೊದಿಸಲೆಂದು ಬೈಕು ಹತ್ತಿ ಮನೆಗೆ ಹೋಗುತ್ತಾರೆ, ಬಂದು ಆಟ ಮುಂದುವರಿಸುತ್ತಾರೆ. ಹದಿನೆಂಟು ವರ್ಷದಲ್ಲಿ ನಾನು ಎಷ್ಟು ಗೋಲು ಬಿಟ್ಟೆ ಎಂದು ಮಾತ್ರ ಕೇಳಬೇಡಿ. ಒಂದು ಮೋಡವನ್ನೂ ಬಿಟ್ಟವನಲ್ಲ. ಆ ಬಗ್ಗೆ ನನಗೆ ಒಳಗೊಳಗೇ ಹೆಮ್ಮೆಯಿತ್ತು.

ಹೊಸ ಅಧ್ಯಕ್ಷರೆಂದರೆ ಪೊನ್ನಮ್ಮ ಟೀಚರ್. ಶಾಲೆಯಲ್ಲಿ ಪಿ.ಟಿ. ಮಾಡಿಸಿ ನಿವೃತ್ತರಾದವರು, ಜೀವಮಾನವಿಡೀ ಹಾಕಿ ಆಡಿಸಿದವರು. ನನ್ನನ್ನು ಏಳನೇ ಕ್ಲಾಸಿನಲ್ಲಿ ಬಿಸಿಲಿಗೆ ನಿಲ್ಲಿಸಿದವರೂ ಅವರೇ. ಮೊದಲ ದಿನ ಮೈದಾನಕ್ಕೆ ಬಂದು ನನ್ನನ್ನು ಮೇಲಿಂದ ಕೆಳಗೆ ನೋಡಿ, “ಲೋ ದಾಮು, ನೀನು ಇನ್ನೂ ಇಲ್ಲೇ ಇದ್ದೀಯ?” ಎಂದರು. ಅದು ಪ್ರೀತಿಯ ವಿಚಾರಣೆಯೋ ಬೇರೆ ಏನೋ ತಿಳಿಯದೆ ನಾನು ಹಲ್ಲು ಕಿರಿದೆ. ಆಮೇಲೆ ಅವರು ಎಲ್ಲರನ್ನೂ ಸಾಲಾಗಿ ನಿಲ್ಲಿಸಿ, “ಇನ್ನು ಮೇಲೆ ಮೋಡದ ರಜೆ ಇಲ್ಲ. ಕಾಫಿ ಮುಚ್ಚಲಿಕ್ಕೆ ಮನೆಯಲ್ಲಿ ಜನ ಮಾಡಿ ಬನ್ನಿ. ಇಲ್ಲಿ ಕಣ್ಣು ಬಾಲಿನ ಮೇಲೆ ಇರಬೇಕು,” ಎಂದರು. ರೆಫರಿಗೂ, ಎದುರು ತಂಡದ ಕ್ಯಾಪ್ಟನ್ನಿಗೂ ಹೇಳಿಯಾಗಿತ್ತು. ಈ ಸುತ್ತಮುತ್ತ, ಶಾಲೆಯಲ್ಲಿ ಅವರ ಕೈಯಲ್ಲಿ ಪೆಟ್ಟು ತಿನ್ನದ ಕ್ಯಾಪ್ಟನ್ ಸಿಗುವುದು ಕಷ್ಟ.

ಮೋಡದ ಕೆಲಸ ಹೋದರೆ ಗೋಲುಕಂಬದ ನಡುವೆ ನಾನು ಯಾಕಿರಬೇಕು ಎಂಬ ಪ್ರಶ್ನೆ ಯಾರ ತಲೆಗಾದರೂ ಹೊಳೆಯಬಹುದಲ್ಲ! ಹೆದರಿದವನು ಮಾಡುವ ಕೆಲಸವನ್ನೇ ನಾನೂ ಮಾಡಿದೆ, ಟೀಕೆ ಶುರುಮಾಡಿದೆ. ಮೊಯ್ದು ಕಾಕನ ಚಾಯ ಅಂಗಡಿಯಲ್ಲಿ ಕೂತು, “ಹೊಸ ಜೆರ್ಸಿ ಬಂತು, ಗೋಲುಕಂಬಕ್ಕೆ ಬಿಳಿ ಬಣ್ಣ ಬಂತು. ಇದನ್ನು ಕಟ್ಟುವುದು ಅಂತಾರಾ ಕಾಕ?” ಎಂದು ಕೇಳಿದೆ.

“ಬೋರ್ಡಿಗೆ ಪೇಂಟ್ ಹೊಡೆದ್ರೆ ಚಾಯದ ರುಚಿ ಬದಲಾಗ್ತದಾ ದಾಮು?” ಎಂದ ಕಾಕ, ಲೋಟ ತೊಳೆಯುತ್ತಾ.

ನನಗೆ ಉತ್ಸಾಹ ಬಂತು. “ಅದೇ ಕಾಕ! ನಿಜವಾಗಿ ಕಟ್ಟುವವರು ಕೊಳೆತದ್ದನ್ನು ಮೊದಲು ತೆಗೀಬೇಕು. ಅಷ್ಟು ಧೈರ್ಯ ಇವರಿಗೆ ಎಲ್ಲಿಂದ?” ಎಂದು ಮೇಜು ಕುಟ್ಟಿದೆ.

“ಸರಿಯಾಗಿ ಹೇಳ್ದೆ,” ಎಂಬ ಸ್ವರ ಹಿಂದಿನಿಂದ ಬಂತು. ಟೀಚರ್ ಹಾಲು ಕೊಳ್ಳಲು ಬಂದಿದ್ದರು. ನಾನು ಅಭ್ಯಾಸಬಲದಿಂದ ಎದ್ದು ನಿಂತೆ.

ಮೊದಲ ಪಂದ್ಯದ ದಿನ ಕೊನೆಯ ಐದು ನಿಮಿಷದವರೆಗೆ ಯಾರೂ ಗೋಲು ಹೊಡೆದಿರಲಿಲ್ಲ. ಸೋಲದೆ ಅಷ್ಟು ಹೊತ್ತು ನಿಂತದ್ದು ನಮಗೇ ಹೊಸದು. ಆಗ ಬೆಟ್ಟದ ಹಿಂದಿನಿಂದ ಅದು ಎದ್ದಿತು. ಒಳ್ಳೆ ಕಪ್ಪು, ತುಂಬಿದ ಮೋಡ. ಮನೆಯಲ್ಲಿ ಲೀಲಾ ಇದ್ದಾಳೆ, ನೋಡಿಕೊಳ್ಳುತ್ತಾಳೆ ಎಂದು ಬುದ್ಧಿ ಹೇಳಿತು. ಕೈ ಕೇಳಲಿಲ್ಲ, ತಾನಾಗಿ ಮೇಲೆದ್ದಿತು. ಯಾರಾದರೂ ಮನೆ ಕಡೆ ಓಡುತ್ತಾರೇನೋ ಎಂದು ನೋಡಿದೆ. ನಮ್ಮವರು ಆರು ಜನರೂ ಬಾಲಿನ ಹಿಂದೆ ಓಡುತ್ತಿದ್ದರು. ಒಬ್ಬನೂ ತಲೆ ಎತ್ತಲಿಲ್ಲ. ಅಷ್ಟರಲ್ಲಿ ನನ್ನ ಕಾಲ ಬಳಿ ಏನೋ ಉರುಳಿಕೊಂಡು ಹೋದ ಹಾಗಾಯಿತು. ತಿರುಗಿ ನೋಡಿದರೆ ಬಾಲು ಬಲೆಯಲ್ಲಿತ್ತು, ನನ್ನ ಕೈ ಇನ್ನೂ ಆಕಾಶದಲ್ಲಿತ್ತು.

ಆ ಒಂದು ಗೋಲಿಗೆ ಸೋತು, ಮಳೆಯಲ್ಲಿ ನೆನೆದು ಮನೆಗೆ ಬಂದರೆ ಕಾಫಿ ಟಾರ್ಪಾಲಿನಡಿ ಬೆಚ್ಚಗಿತ್ತು. “ನಾನು ಕೈ ಎತ್ತಿದ್ದೆ ಕಣೆ, ಯಾರೂ ನಿಲ್ಲಿಸಲಿಲ್ಲ,” ಎಂದೆ. ಲೀಲಾ ಟವೆಲ್ ಕೊಡುತ್ತಾ, “ನೀವು ಕೈ ಎತ್ತಿ, ಬೈಕ್ ಸ್ಟಾರ್ಟ್ ಮಾಡಿ ಬರುವವರೆಗೆ ಮಳೆ ಕಾಯ್ತದಾ? ಯಾವ ವರ್ಷ ನೀವು ಬಂದು ಮುಚ್ಚಿದ್ದುಂಟು? ಎಲ್ಲರ ಮನೆಯಲ್ಲೂ ಹೀಗೇ,” ಎಂದಳು. ನಿಜ ಹೇಳುತ್ತೇನೆ, ಆ ಗೋಲಿಗಿಂತ ಈ ಮಾತಿಗೆ ನನಗೆ ಹೆಚ್ಚು ನಾಚಿಕೆಯಾಯಿತು.

ಮರುದಿನ ಟೀಚರ್ ಗೋಲಿಗೆ ಸೆಲ್ವನನ್ನು ನಿಲ್ಲಿಸಿದರು. ಎಸ್ಟೇಟಿನ ಜೀಪ್ ಡ್ರೈವರ್. ಆಟ ಅಂಥದ್ದೇನಲ್ಲ. “ಅವನಿಗೆ ಕಣವೂ ಇಲ್ಲ, ಕಾಫಿಯೂ ಇಲ್ಲ, ಬಾಲ್ ನೋಡ್ತಾನೆ,” ಎಂದರು ಟೀಚರ್. ನಂತರ ನನ್ನ ಭುಜ ತಟ್ಟಿ, “ನೀನು ಅಂಗಡಿಯಲ್ಲಿ ಹೇಳಿದ್ದನ್ನು ಯೋಚನೆ ಮಾಡ್ದೆ ದಾಮು. ಅಲ್ಲಿಂದಲೇ ಶುರು ಮಾಡಿದ್ದು,” ಎಂದರು. ತಕರಾರು ಮಾಡೋಣವೆಂದರೆ ಸಿದ್ಧಾಂತ ನನ್ನದೇ ಆಗಿತ್ತು.

ಮುಂದಿನ ಪಂದ್ಯವನ್ನು ಮೊಯ್ದು ಕಾಕನ ಪಕ್ಕ ಬೆಂಚಿನಲ್ಲಿ ಕೂತು ನೋಡಿದೆ. ನಮ್ಮವರು ಒಂದು ಗೋಲು ಮುಂದಿದ್ದರು. “ಈಗ ಹೇಳು, ಟೀಚರ್ ನಿಜವಾಗಿ ಕಟ್ತಾ ಇದ್ದಾರಾ, ಪೇಂಟಾ?” ಎಂದು ಕಾಕ ಕೇಳಿದ. ಬೆಟ್ಟದ ಮೇಲೆ ಮತ್ತೆ ಕಪ್ಪಾಗುತ್ತಿತ್ತು. ನನ್ನ ಕೈ ಅರ್ಧ ಎದ್ದೇ ಬಿಟ್ಟಿತ್ತು. ಕಾಕ ಅದನ್ನೇ ನೋಡುತ್ತಿದ್ದ. ಎದ್ದ ಕೈಯಲ್ಲಿ ತಲೆ ಕೆರೆದುಕೊಂಡು, “ಕಟ್ತಾ ಇದ್ದಾರೆ ಕಾಕ,” ಎಂದೆ.